ಕೆರೆಗಳ್ಳನೂ ನನ್ನ ಬಿಳಿಯ ಪಂಚೆಯೂ

ಮೊದಲಿಗೆ ನೀರಿಗೆ ನಮಸ್ಕಾರ. ಹುಟ್ಟಿದ ದಿನ ಮೈತೊಳೆದು, ಹೊರಡುವ ದಿನ ನಾಲಗೆಯ ಮೇಲೆ ಹನಿಯಾಗಿ ನಿಲ್ಲುವ ಆ ತಾಯಿಗೆ ನಾನು ಋಣಿ. ಐವತ್ತು ವರ್ಷ ನಾನು ಕಲಶದ ಮೇಲೆ ಕೈಯಿಟ್ಟು ಏಳು ನದಿಗಳ ಹೆಸರು ಕರೆದಾಗಲೆಲ್ಲ, ಏಳರ ಪರವಾಗಿಯೂ ತಾನೊಬ್ಬಳೇ ಓಗೊಟ್ಟು ಮೇಲೆ ಬಂದ ನಮ್ಮ ಹಿತ್ತಲ ಬಾವಿಗೆ ಋಣಿ. ಅಕ್ಷರ ಕಲಿಸಿದ ಗುರುಗಳಿಗೆ, ಆ ಅಕ್ಷರವನ್ನು ನಾನು ಸಲ್ಲದ ಕಡೆ ಬಳಸಿದಾಗಲೂ ಕೈಬಿಡದ ದೇವರಿಗೆ ಋಣಿ. ಇಷ್ಟನ್ನು ಹೇಳಿಕೊಂಡ ಮೇಲೆ ವಿಷಯಕ್ಕೆ ಬರುತ್ತೇನೆ.

ನನ್ನ ಭಾವಮೈದುನ, ಎಂದರೆ ನನ್ನ ಧರ್ಮಪತ್ನಿಯ ಒಬ್ಬನೇ ತಮ್ಮ, ಕೆರೆಗಳ್ಳ.

ಕೆರೆಯ ಮೀನು ಕದ್ದವರನ್ನು ನೀವು ಕಂಡಿರಬಹುದು. ಕೆರೆಯ ಮಣ್ಣು ಕದ್ದವರು ಅದಕ್ಕಿಂತ ಹೆಚ್ಚು. ಕೆರೆಯ ಅಂಗಳವನ್ನೇ ಒತ್ತಿಕೊಂಡು ಖಾತೆ ಮಾಡಿಸಿದ ಮಹನೀಯರೂ ನಮ್ಮ ಸೀಮೆಯಲ್ಲಿ ಇಲ್ಲದಿಲ್ಲ. ಈತ ಅವರಾರ ಪೈಕಿಯೂ ಅಲ್ಲ. ಕೆರೆಯಲ್ಲಿ ಯಾರಿಗೂ ಬೇಡವಾಗಿ, ಎಲ್ಲರಿಗೂ ತೊಡಕಾಗಿ, ಎಮ್ಮೆಯೂ ಮೂಸದೆ ಬಿಟ್ಟದ್ದು ಯಾವುದೋ ಅದನ್ನು ಈತ ಕದಿಯುತ್ತಾನೆ. ಜೊಂಡು, ಅಂತರಗಂಗೆ, ಎಳ್ಳುಕಾಳಿನಷ್ಟು ಎಲೆಯ ಒಂದು ತೇಲುಪಾಚಿ. ಬೇಕಾದದ್ದನ್ನು ಕದ್ದರೆ ಕಳ್ಳನೆಂದು ಹಿಡಿದುಕೊಡಬಹುದು. ಬೇಡದ್ದನ್ನು ಕದಿಯುವವನನ್ನು ಯಾವ ಠಾಣೆಗೆ ಒಪ್ಪಿಸುವುದು?

ಕಡೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲ್ಯಾಬಿಗೆ ಅಟೆಂಡರಾಗಿ ಮೂವತ್ತು ವರ್ಷ ಗಾಜಿನ ಜಾಡಿ ತೊಳೆದು ನಿವೃತ್ತನಾದವನು. ಪಾಠ ಮಾಡುವವರು ಬದಲಾಗುತ್ತಿದ್ದರು, ಜಾಡಿಗಳು ಬದಲಾಗಲಿಲ್ಲ. ಹೀಗಾಗಿ ಆ ಕಾಲೇಜಿನಲ್ಲಿ ನಿಜವಾಗಿ ಓದಿದವನು ತಾನೊಬ್ಬನೇ ಎಂದು ಅವನ ನಂಬಿಕೆ. ಮದುವೆಯಾಗಲಿಲ್ಲ. ಕೇಳಿದರೆ, "ಗಿಡ ನೀರು ಕೇಳತ್ತೆ ಭಾವ, ಅಷ್ಟೇ. ಯಾಕೆ ತಡವಾಯ್ತು ಅಂತ ಕೇಳಲ್ಲ" ಎನ್ನುತ್ತಾನೆ. ಇಂಥವನು ಕಳೆದ ವರ್ಷ ಒಂದು ಬೆಳಿಗ್ಗೆ, ಕೈಯಲ್ಲಿ ಗೋಣಿಚೀಲವನ್ನೂ ಕಾಲಲ್ಲಿ ಮೊಣಕಾಲುದ್ದದ ರಬ್ಬರ್ ಬೂಟನ್ನೂ ಧರಿಸಿ, ತರೀಕೆರೆಯ ನಮ್ಮ ಮನೆಯ ಬಾಗಿಲಲ್ಲಿ ನಿಂತು, "ಎಂಟು ದಿನ ಇದ್ದು ಹೋಗ್ತೀನಿ ಭಾವ" ಎಂದ. ಬೂಟು ಹಾಕಿಕೊಂಡು ಬಂದ ನೆಂಟ ಎಂಟು ದಿನಕ್ಕೆ ಹೋಗುವವನಲ್ಲ ಎಂದು ಅಂದೇ ನನಗೆ ಅನುಮಾನವಾಯಿತು.

ಅನುಮಾನದ ಬಗ್ಗೆ ಒಂದು ಮಾತು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ತರ್ಕ ಓದಿ, ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದವನು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಸಿದ್ಧಮಾಡುವುದು ನನ್ನ ವಿದ್ಯೆ. ಶಾಸ್ತ್ರದಲ್ಲಿ ಅನುಮಾನವು ಜ್ಞಾನಕ್ಕೆ ದಾರಿ, ಮನೆಯಲ್ಲಿ ಜಗಳಕ್ಕೆ ದಾರಿ. ನಿವೃತ್ತಿಯ ನಂತರ ಬೆಟ್ಟ ಕಣ್ಣಿಗೆ ದೂರವಾದ್ದರಿಂದ ಮನೆಯವರ ಮೇಲೆಯೇ ಅಭ್ಯಾಸ ಮಾಡಿಕೊಂಡು ಬಂದಿದ್ದೇನೆ.

ಅವನು ಬರುವ ಮೊದಲು ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಅದಿಲ್ಲದೆ ಮುಂದಿನದು ತಿಳಿಯದು.

ನಮ್ಮ ಹಿತ್ತಲ ಗೋಡೆಯಾಚೆ ಒಂದು ಬಣ್ಣದ ಕಾರ್ಖಾನೆಯಿದೆ. ಕಾರ್ಖಾನೆಯೆಂದರೆ ದೊಡ್ಡದೇನಲ್ಲ. ನಾಲ್ಕು ಕೊಪ್ಪರಿಗೆ, ಎರಡು ಒಲೆ, ನೂಲು ಒಣಗಿಸುವ ಬಿದಿರಿನ ಸಾಲು, ಒಂಬತ್ತು ಜನ ಕೆಲಸದವರು. ನಡೆಸುವವರನ್ನು ಊರಿನಲ್ಲಿ ಬಣ್ಣದ ಸಾಹೇಬರೆಂದೇ ಕರೆಯುತ್ತಾರೆ. ಅವರ ತಂದೆಯೂ ಅಜ್ಜನೂ ಅದೇ ಜಾಗದಲ್ಲಿ ಅದೇ ಕೆಲಸ ಮಾಡಿದವರು. ನಮ್ಮ ತಂದೆಯವರು ಪೂಜೆಗೆ ಉಡುತ್ತಿದ್ದ ಕೆಂಪು ರೇಷ್ಮೆಯ ಮಗುಟ ಮಾಸಿದಾಗಲೆಲ್ಲ ಅದು ಗೋಡೆಯಾಚೆ ಹೋಗಿ ಹೊಸದಾಗಿ ಬರುತ್ತಿತ್ತು. ನನ್ನ ಮಗುಟವೂ ಹಾಗೆಯೇ. ಸಾಹೇಬರ ಕೈಯಿಂದ ಬಂದದ್ದನ್ನು ಬಾವಿಯ ನೀರಿನಲ್ಲಿ ಒಮ್ಮೆ ಜಾಲಿಸಿದರೆ ಮಡಿ. ಇದು ನಮ್ಮೆರಡು ಮನೆಗಳ ನಡುವಿನ ಹಳೆಯ ಒಡಂಬಡಿಕೆ.

ಒಂದು ದಿನ ನಾನು ಎಂದಿನಂತೆ ನಸುಕಿಗೆ ಎದ್ದು, ಬಾವಿಯ ನೀರು ಸೇದಿ, ಮಡಿಯ ಬಿಳಿಯ ಪಂಚೆಯನ್ನು ಜಾಲಿಸಿ ಹರವಿದೆ. ಬೆಳಕು ಹರಿದ ಮೇಲೆ ನೋಡಿದರೆ ಪಂಚೆ ಪಾಟಲವರ್ಣಕ್ಕೆ ತಿರುಗಿದೆ. ಪಾಟಲವೆಂದರೆ ಗುಲಾಬಿ. ಓಡಿಹೋಗಿ ದೇವರ ಸಂಪುಟ ತೆರೆದೆ. ಅಭಿಷೇಕ ಮುಗಿಸಿ ಕುಳಿತಿದ್ದ ಸ್ಫಟಿಕಲಿಂಗವೂ ನಾಚಿಕೊಂಡಂತೆ ಕಂಡಿತು. ನನ್ನಾಕೆ ಪಂಚೆಯನ್ನು ಬೆಳಕಿಗೆ ಹಿಡಿದು ನೋಡಿ, "ಮದುವೆ ದಿನಾನೂ ನೀವು ಇಷ್ಟು ಕೆಂಪಗಿರ್ಲಿಲ್ಲ ಕಣ್ರೀ" ಎಂದಳು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗೋಡೆಯಾಚೆಯ ಗುಂಡಿಯಲ್ಲಿ ನಿಂತ ಬಣ್ಣದ ನೀರು ಭೂಮಿಯೊಳಗೆ ಇಳಿದು ಬಾವಿಗೆ ಬಂದಿತ್ತು. ಮೊದಲು ತೊಗಟೆ, ಬೇರು, ಹೂವುಗಳಿಂದ ಬಣ್ಣ ತೆಗೆಯುತ್ತಿದ್ದರಂತೆ. ಈಗ ಡಬ್ಬಿಯ ಬಣ್ಣ. ಅದು ನೂಲನ್ನು ಹಿಡಿದಷ್ಟೇ ಗಟ್ಟಿಯಾಗಿ ನೀರನ್ನೂ ಹಿಡಿಯುತ್ತದೆ.

ಅಂದಿನಿಂದ ನಲ್ಲಿಯ ನೀರಿನಲ್ಲಿ ಪೂಜೆ ಮಾಡತೊಡಗಿದೆ. ಏಳು ನದಿಗಳನ್ನು ಕರೆಯುವಾಗ ನಲ್ಲಿಯು ಎಷ್ಟನೆಯದೆಂದು ತಿಳಿಯದೆ ನಾಲಗೆ ತಡವರಿಸುತ್ತಿತ್ತು. ರಾತ್ರಿಯ ಊಟ ಬಿಟ್ಟೆ. ವ್ರತವೆಂದು ಹೇಳಿಕೊಳ್ಳಲು ಸಂಕೋಚವಾಗಿ, ಅಜೀರ್ಣವೆಂದು ಹೆಂಡತಿಗೆ ಹೇಳಿದೆ. ಆಕೆ ನಂಬಿದಳೆಂದುಕೊಂಡೆ.

ಸಾಹೇಬರ ಬಳಿ ಹೋಗಿ ನೇರವಾಗಿ ಹೇಳಬಹುದಿತ್ತಲ್ಲವೇ? ಹೇಳಬಹುದಿತ್ತು. ಮೂರು ತಲೆಮಾರಿನ ದಾಕ್ಷಿಣ್ಯ ಅಡ್ಡಬಂತು. ದಾಕ್ಷಿಣ್ಯಸ್ಥರು ಮಾಡುವ ಅತಿ ಕೆಟ್ಟ ಕೆಲಸವನ್ನು ನಾನೂ ಮಾಡಿದೆ. ಮಾಲಿನ್ಯ ನೋಡುವ ಕಚೇರಿಗೆ ಒಂದು ಮೂಕರ್ಜಿ ಬರೆದೆ. ಬರೆದವರ ಹೆಸರಿಲ್ಲದ ಅರ್ಜಿಗೆ ಆ ಹೆಸರು. ಬರೆದವನು ಯಾರೆಂದು ಬ್ರಹ್ಮನಿಗೂ ತಿಳಿಯಬಾರದೆಂದು ಎಡಗೈಯಲ್ಲಿ ಬರೆದೆ.

ತಿಂಗಳೊಳಗೆ ಸಾಹೇಬರಿಗೆ ನೋಟೀಸು ಬಂತು. ಎರಡು ತಿಂಗಳ ಗಡುವು. ಗಡುವಿನ ದಿನ ಬಂದು ನೋಡಿದಾಗ ಹೊರಗೆ ಬಿಡುವ ನೀರಿನಲ್ಲಿ ಬಣ್ಣ ಕಂಡರೆ ಕಾರ್ಖಾನೆಗೆ ಬೀಗ. ಈ ಸುದ್ದಿ ನಮ್ಮ ಮನೆಗೆ ತಲುಪಿದ ಮೂರನೆಯ ದಿನವೇ ಭಾವಮೈದುನ ಬೂಟಿನೊಂದಿಗೆ ಬಂದದ್ದು. ಈ ಎರಡಕ್ಕೂ ಸಂಬಂಧವಿರಬಹುದೆಂದು, ತರ್ಕ ಓದಿದ ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದೆಲ್ಲ ಬೇರೆಯೇ. ದಿನವೂ ಬೆಳಿಗ್ಗೆ ಖಾಲಿ ಚೀಲದೊಂದಿಗೆ ಹೋಗುವನು, ಮಧ್ಯಾಹ್ನ ನೀರು ಸೋರುವ ಚೀಲದೊಂದಿಗೆ ಬರುವನು. ಬಂದವನು ಮನೆಯೊಳಗೆ ಬಾರದೆ ಹಿತ್ತಲ ಸಂದಿಯಲ್ಲಿ ಮಾಯವಾಗುವನು. ಊಟಕ್ಕೆ ಕುಳಿತಾಗ ಅಂಗೈ ಕೆಂಪಗಿರುವುದು, ಒಮ್ಮೊಮ್ಮೆ ನೀಲಿ.

"ಏನಯ್ಯಾ ಅದು ಕೈ?" ಎಂದು ಕೇಳಿದೆ.

"ತೊಳೆದೆ ಭಾವ. ಹೋಗ್ಲಿಲ್ಲ."

"ಏನು ಮಾಡಿದರೆ ಹಾಗಾಗುತ್ತದೆ?"

"ತೊಳೆದ್ರೇ ಹಾಗಾಗತ್ತೆ" ಎಂದು ಸಾರನ್ನ ಕಲಸಿದ.

ಎಂಟು ದಿನ ಹದಿನೈದಾಯಿತು. ಮನೆಯ ವಸ್ತುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಮೊದಲು ಅಟ್ಟದ ಮೇಲಿದ್ದ ಹಳೆಯ ಹುಣಸೆಹಣ್ಣಿನ ಭರಣಿ. ಆಮೇಲೆ ಮಳೆಗಾಲದಲ್ಲಿ ಸೌದೆ ಮುಚ್ಚುವ ಟಾರ್ಪಾಲು. ಕಡೆಗೆ ನನ್ನ ಹಳೆಯ ಬಿಳಿಯ ಪಂಚೆ, ಅದೂ ಒಂದೇ ಸಲಕ್ಕಲ್ಲ. ಇಂದು ಒಂದು ಗೇಣು, ನಾಳೆ ಒಂದು ಗೇಣು, ಕತ್ತರಿಯಿಂದ ನೀಟಾಗಿ ಕತ್ತರಿಸಿ. ಇಲಿಯಾದರೆ ಇಷ್ಟು ನೇರವಾಗಿ ಕತ್ತರಿಸೀತೇ? ಎಲ್ಲಕ್ಕಿಂತ ವಿಚಿತ್ರವೆಂದರೆ ನನ್ನಾಕೆಯ ಮೌನ. ಒಂದು ಸೌಟು ಕಾಣದಿದ್ದರೆ ಬೀದಿಗೆ ಕೇಳುವಂತೆ ಹುಡುಕುವವಳು, ಭರಣಿ ಹೋದರೂ "ಎಲ್ಲೋ ಇರತ್ತೆ ಬಿಡ್ರೀ" ಎಂದಳು.

ನಾನು ಪ್ರಮಾಣಗಳನ್ನು ಜೋಡಿಸಿದೆ. ಹುಣಸೆ, ಕೊಳೆತ ಸೊಪ್ಪು, ಗುಪ್ತಸ್ಥಳ. ಹಾಗಾದರೆ ಕಳ್ಳಭಟ್ಟಿ. ಆದರೆ ಬಾಯಲ್ಲಿ ವಾಸನೆಯಿಲ್ಲ, ಪಂಚೆಯ ತುಂಡಿಗೂ ಭಟ್ಟಿಗೂ, ಹೊಗೆಗೂ ಬೆಂಕಿಗೂ ಇರುವಂಥ ವ್ಯಾಪ್ತಿ ಕೂಡುವುದಿಲ್ಲ. ಬಿಳಿಯ ಬಟ್ಟೆ, ಕೆಂಪು ಕೈ, ಕೆರೆಯಂಚಿನ ಗಿಡ. ಹಾಗಾದರೆ ನಿಧಿ ತೆಗೆಯುವ ಕ್ಷುದ್ರವಿದ್ಯೆ. ಆ ದಿನ ಸಂಜೆ ಒಂದರ ಬದಲು ಎರಡು ಬಾರಿ ಸಂಧ್ಯಾವಂದನೆ ಮಾಡಿದೆ. ಮೂರನೆಯದಾಗಿ, ಈ ವಯಸ್ಸಿನಲ್ಲಿ ತಲೆಗೂದಲಿಗೆ ಬಣ್ಣದ ಎಣ್ಣೆ ಕಾಯಿಸಿ ಮಾರುವ ಯೋಚನೆಯೇನಾದರೂ ಇರಬಹುದೇ? ಅವನ ತಲೆಯನ್ನು ನೋಡಿದೆ. ಕೂದಲಿರಲಿಲ್ಲ. ಆ ಊಹೆಯನ್ನು ಕೈಬಿಟ್ಟೆ.

ಅಷ್ಟರಲ್ಲಿ ಬಸ್ಸಿನ ಪ್ರಕರಣ. ಕಡೂರಿನಲ್ಲಿ ಒಂದು ನಾಮಕರಣಕ್ಕೆ ಹೋಗಿ ಹಿಂತಿರುಗುತ್ತಿದ್ದೆ. ಬಸ್ಸು ಹೊರಡುವ ಹೊತ್ತಿಗೆ ನಮ್ಮವನು ದೇವನೂರಿನ ಕಡೆಯಿಂದ ಬಂದವನು, ಸೋರುವ ಚೀಲವನ್ನು ತಬ್ಬಿಕೊಂಡು ಹತ್ತಿದ. ನಾನು ಕಿಟಕಿಯ ಕಡೆ ತಿರುಗಿ, ಹುಟ್ಟಿದಾಗಿನಿಂದ ಭಾವಮೈದುನನೇ ಇಲ್ಲದವನಂತೆ ಕುಳಿತೆ. ಕಂಡಕ್ಟರ್ ಬಂದ.

"ಯಜಮಾನ್ರೇ, ಚೀಲ ಸೋರ್ತಾ ಐತಲ್ಲ. ಏನದು, ಮೀನಾ?"

"ಅಲ್ಲ ಕಣಪ್ಪ. ಅಂತರಗಂಗೆ."

"ಗಂಗೆನಾ? ಹೆಂಗಸ್ರಿಗೆ ಫ್ರೀ ಐತೆ. ಆಧಾರ್ ಕಾರ್ಡ್ ತೋರ್ಸಕ್ಕೆ ಹೇಳಿ."

ಬಸ್ಸೆಲ್ಲ ನಕ್ಕಿತು. ನಮ್ಮವನು ಗಂಭೀರವಾಗಿ, "ನಿಂತೇ ಬರ್ತಾಳೆ, ಸೀಟು ಬೇಡ" ಎಂದು ಚೀಲವನ್ನು ಕಂಬಕ್ಕೆ ಒರಗಿಸಿದ. ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ, "ಭಾವ, ನಿಮ್ಮ ಟಿಕೆಟ್ ನಾನೇ ತಗೊಳ್ಲಾ?" ಎಂದು ಕೂಗಿದ. ಬೀರೂರು ದಾಟುವವರೆಗೂ ನಾನು ತಿರುಗಲಿಲ್ಲ.

ಅಜ್ಜಂಪುರದ ಕಡೆಯ ಕೆರೆಯೊಂದರಲ್ಲಿ ನಡೆದದ್ದನ್ನು ಅವನೇ ಊಟದ ಹೊತ್ತಿಗೆ ಅಕ್ಕನಿಗೆ ವರದಿ ಮಾಡಿದ. ಎಮ್ಮೆ ಮೈತೊಳೆಸುತ್ತಿದ್ದ ಹೆಂಗಸೊಬ್ಬಳು ಏರಿಯ ಮೇಲಿಂದ, "ಲೇ, ಯಾರೋ ಅದು ನಮ್ ಕೆರೇಲಿ ಇಳ್ದಿರೋನು? ನಮ್ಮೆಮ್ಮೆನೂ ತಿನ್ದಿರೋ ಸೊಪ್ಪು ಹೊತ್ಕಂಡು ಹೋಯ್ತಾವ್ನಲ್ಲ" ಎಂದು ಕೂಗಿದಳಂತೆ. ಇವನು ಹೆದರಿ ಚೀಲ ಕೆಳಗಿಟ್ಟನಂತೆ. ಅವಳು, "ಯಾಕ್ ಇಟ್ಟೆ? ತಗಂಡೋಗು. ನಾಳೇನೂ ಬಾ. ಇನ್ನೂ ಇಬ್ರು ಕಳ್ರು ಇದ್ರೆ ಕರ್ಕಂಬಾ" ಎಂದಳಂತೆ. ಅಕ್ಕ ತಮ್ಮ ನೆತ್ತಿಗೇರುವಷ್ಟು ನಕ್ಕರು. ನಾನು ನಗಲಿಲ್ಲ. ಕಳ್ಳನಿಗೆ ಊರೇ ಸಹಾಯ ಮಾಡಿದರೆ ಧರ್ಮದ ಗತಿಯೇನು?

ಕಡೆಗೊಂದು ಮಧ್ಯಾಹ್ನ ಪ್ರತ್ಯಕ್ಷ ಪ್ರಮಾಣಕ್ಕೇ ಕೈಹಾಕಿದೆ. ಅವನು ಸಂದಿಯಲ್ಲಿ ಮಾಯವಾದ ಕೂಡಲೇ ನಾನು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು, ಹಿಮ್ಮಡಿಯೆತ್ತಿ, ಗೋಡೆಯಾಚೆ ಇಣುಕಿದೆ. ಮೊದಲು ಕಂಡದ್ದು, ನೇರವಾಗಿ ನನ್ನನ್ನೇ ನೋಡುತ್ತಿದ್ದ ಬಣ್ಣದ ಸಾಹೇಬರ ಮುಖ.

"ಮೇಷ್ಟ್ರೇ, ಗೇಟು ಈ ಕಡೆ ಐತೆ" ಎಂದರು ಅವರು, ಅತ್ಯಂತ ವಿನಯದಿಂದ. "ಆ ಕಲ್ಲು ಜಾರ್ತದೆ, ನಿಧಾನ ಇಳೀರಿ."

ಗೇಟಿನ ಮೂಲಕವೇ ಹೋದೆ. ಬೇರೆ ಮಾರ್ಗವಿರಲಿಲ್ಲ.

ಹಳೆಯ ಗುಂಡಿ ಇದ್ದಲ್ಲಿ ಮೂರು ಹೊಂಡಗಳಾಗಿದ್ದವು. ತಳಕ್ಕೆ ಜೇಡಿಮಣ್ಣು ಮೆತ್ತಿ ಅದರ ಮೇಲೆ ಟಾರ್ಪಾಲು ಹಾಸಿದ್ದರು. ಒಂದರ ಅಂಚಿನಲ್ಲಿ ನಮ್ಮ ಮನೆಯ ಟಾರ್ಪಾಲಿನ ತೇಪೆಯನ್ನು ಗುರುತಿಸಿದೆ. ಮೊದಲ ಹೊಂಡದಲ್ಲಿ ಬೀಟ್‌ರೂಟಿನ ಸಾರಿನಂಥ ನೀರು, ಅದರ ಮೇಲೆ ಅಂತರಗಂಗೆಯ ಚಾಪೆ. ಎರಡನೆಯದರಲ್ಲಿ ಜಲ್ಲಿಯ ಮೇಲೆ ನೆಟ್ಟ ಜೊಂಡು, ಅದರ ಬುಡದಲ್ಲಿ ತೆಳುವಾದ ಚಹದ ಬಣ್ಣ. ಮೂರನೆಯದರಲ್ಲಿ ಎಳ್ಳುಪಾಚಿ. ಅದನ್ನು ಕೈಯಿಂದ ಸರಿಸಿದರೆ ತಳದ ಕಲ್ಲು ಎಣಿಸಬಹುದಾದಷ್ಟು ತಿಳಿ.

"ಮೊದಲ್ನೇ ಸಲ ಎಲ್ಲಾ ಸತ್ತೋದ್ವು ಭಾವ" ಎಂದ ನಮ್ಮವನು, ಮಕ್ಕಳನ್ನು ಕಳೆದುಕೊಂಡವನ ಧ್ವನಿಯಲ್ಲಿ. "ನೀರು ಬಿಸಿ. ಜೊತೆಗೆ ಬಣ್ಣಕ್ಕೆ ಹಾಕೋ ಸೋಡದ ಕ್ಷಾರ. ಆಮೇಲೆ ಆರಿಸಿ, ಹುಣಸೆಹುಳಿ ಹಾಕಿ, ಕ್ಷಾರ ಇಳಿಸಿ ಬಿಟ್ವಿ. ಈಗ ಬದುಕಿದಾವೆ. ಬೇರಿಗೆ ಕಣ್ಣಿಗೆ ಕಾಣದ ಜೀವಗಳು ಅಂಟ್ಕೊಂಡಿರ್ತಾವೆ. ಬೇರೂ ಅವೂ ಸೇರಿ ಬಣ್ಣ ಮುರೀತಾವೆ."

ಹೊಂಡಗಳ ಮೇಲೆ ಒಂದು ಹಗ್ಗ. ಹಗ್ಗದುದ್ದಕ್ಕೂ ನನ್ನ ಪಂಚೆಯ ತುಂಡುಗಳು. ದಿನಕ್ಕೊಂದು ತುಂಡನ್ನು ಮೂರನೆಯ ಹೊಂಡದಲ್ಲಿ ಅದ್ದಿ ಒಣಹಾಕಿದ್ದರು. ಆ ತುದಿಯದು ದಾಸವಾಳ, ಮುಂದಿನದು ಗುಲಾಬಿ, ಅದರ ಮುಂದಿನದು ಕೆನೆ, ಹೀಗೆ ತಿಳಿಯಾಗುತ್ತ ಬಂದು ಈ ತುದಿಯದು ಬಹುತೇಕ ಬಿಳಿ.

"ಇದಕ್ಕೆ ನನ್ನ ಪಂಚೆಯೇ ಏಕೆ?"

"ಬಣ್ಣ ಅಳೆಯೋಕೆ ಯಂತ್ರ ಇದೆ, ನಮ್ಮತ್ರ ಇಲ್ಲ. ನಿಮ್ಮ ಪಂಚೆಗಿಂತ ಅನುಮಾನದ ಬಟ್ಟೆ ಈ ತಾಲ್ಲೂಕಲ್ಲೇ ಸಿಗಲ್ಲ ಭಾವ. ಅದು ಒಪ್ಪಿದ್ರೆ ಯಾರಾದ್ರೂ ಒಪ್ತಾರೆ."

ಸಾಹೇಬರು ಬೇರೆ ಕಡೆ ನೋಡುತ್ತ ಗಡ್ಡದೊಳಗೆ ನಕ್ಕರು. ನಾನು ಸುಲಭಕ್ಕೆ ಸೋಲುವವನಲ್ಲ. "ತಿಳಿಯಾದದ್ದೆಲ್ಲ ಶುದ್ಧವೇ?" ಎಂದೆ. ಅವನು ಹೌದೆನ್ನುವನೆಂದು ಕಾದೆ. ಹಾಗೆಂದಿದ್ದರೆ ಅಲ್ಲಿಯೇ ಹಿಡಿಯಬಹುದಿತ್ತು. ಅವನು, "ಅಲ್ಲ. ಉಪ್ಪು ಹಾಗೇ ಇರತ್ತೆ. ಕುಡಿಯೋಕೆ ಬರಲ್ಲ, ತೋಟಕ್ಕೂ ಯೋಚ್ನೆ ಮಾಡಿ ಬಿಡ್ಬೇಕು. ಈ ಗಿಡಗಳನ್ನ ಹಸೂಗೆ ಹಾಕೋ ಹಾಗೇ ಇಲ್ಲ, ತೆಗೆದು ಬೇರೆ ಇಡ್ಬೇಕು. ಇದು ಶುದ್ಧಿ ಅಲ್ಲ ಭಾವ, ತಪ್ಪು ಕಮ್ಮಿ ಮಾಡೋದು ಅಷ್ಟೇ" ಎಂದ. ಅಷ್ಟು ಪ್ರಾಮಾಣಿಕವಾದ ಉತ್ತರ ಕೇಳಿ ನನ್ನ ಅನುಮಾನಕ್ಕೆ ನಿಲ್ಲಲು ನೆಲವಿಲ್ಲದಂತಾಯಿತು.

ಸಾಹೇಬರು ಮಾತ್ರ ಒಂದೇ ಮಾತು ಹೇಳಿದರು. "ಅಪ್ಪ ಬಿಟ್ಟೋದ ಒಲೆ ಇದು ಮೇಷ್ಟ್ರೇ. ಒಂಬತ್ತು ಮನೆ ಇದರ ಮ್ಯಾಲೆ ಉಣ್ತಾವೆ. ಇನ್ನು ಹನ್ನೊಂದು ದಿನ ಐತೆ." ಯಾರು ಅರ್ಜಿ ಬರೆದರೆಂದು ಅವರು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಮನೆಗೆ ಬರುವಾಗ ಎಡಗೈ ಭಾರವಾಗಿತ್ತು.

ಗಡುವಿನ ದಿನ ಬಂತು. ಹಿಂದಿನ ಸಂಜೆ ಅದ್ದಿದ ತುಂಡು ಹಾಲಿನಂತೆ ಬೆಳ್ಳಗಿತ್ತು. ನಾನು ಸೂರ್ಯೋದಯಕ್ಕೆ ಎದ್ದು ಸ್ನಾನ ಮಾಡಿದಾಗ ನನ್ನಲ್ಲಿ ಕೃತಜ್ಞತೆ ಉಕ್ಕಿತು. ಹೊಸದಾಗಿ ನೀರು ಬಂದಲ್ಲಿ ಗಂಗಾಪೂಜೆ ಮಾಡಬೇಕಲ್ಲವೇ? ಬೋರು ಕೊರೆದರೆ ಮಾಡುತ್ತೇವೆ, ಕೆರೆ ಕೋಡಿ ಬಿದ್ದರೆ ಮಾಡುತ್ತೇವೆ. ಕೆಂಪಾಗಿದ್ದ ಗಂಗೆ ತಿಳಿಯಾಗಿ ಬಂದಾಗ ಬಿಡುವುದುಂಟೇ? ಮಾಸಿದ ಮಗುಟ ಉಟ್ಟು, ಹರಿವಾಣದಲ್ಲಿ ಅರಿಶಿನ, ಕುಂಕುಮ, ಹೂವು, ವೀಳ್ಯದೆಲೆ ಜೋಡಿಸಿಕೊಂಡು, ಗೇಟಿನಿಂದಲೇ ಹೋದೆ. ಕೆಲಸದವರು ಇನ್ನೂ ಬಂದಿರಲಿಲ್ಲ. ಮೂರನೆಯ ಹೊಂಡದ ಅಂಚಿನಲ್ಲಿ ಕುಳಿತು ವಿಧಿವತ್ತಾಗಿ ಪೂಜಿಸಿದೆ. ಬೇರೆ ದಿನವಾದರೆ ಚಿಟಿಕೆ ಕುಂಕುಮ ಸಾಕಿತ್ತು. ಅಂದು ಮನಸ್ಸಿನಲ್ಲಿ ಮೂಕರ್ಜಿಯಿತ್ತು. ಪಾಪಭಾರವಿದ್ದವನ ಕೈ ಧಾರಾಳ. ಕುಂಕುಮದ ಭರಣಿಯನ್ನೇ ಬೋರಲು ಹಾಕಿ, ಎರಡೂ ಕೈಯಿಂದ ಅರ್ಚಿಸಿ, ಕೈಮುಗಿದು, ಹಿಂತಿರುಗಿ ನೋಡದೆ ಮನೆಗೆ ಬಂದೆ. ಅಂಥ ತೃಪ್ತಿ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಹತ್ತು ಗಂಟೆಗೆ ಅಧಿಕಾರಿ ಬಂದರು. ಕನ್ನಡಕದ ಯುವತಿ, ಕೈಯಲ್ಲಿ ಖಾಲಿ ಬಾಟಲಿಗಳ ಪೆಟ್ಟಿಗೆ. ನೆರೆಯವನೆಂದು ನನ್ನನ್ನೂ ಕರೆದಿದ್ದರು. ನಮ್ಮವನು ಮೊದಲ ಹೊಂಡ ತೋರಿಸಿದ, ಎರಡನೆಯದನ್ನು ತೋರಿಸಿದ, ಮೂರನೆಯದರ ಮುಂದೆ ನಿಂತು, "ಇನ್ನು ಇಲ್ಲಿ ನೋಡಿ ಮೇಡಂ" ಎಂದು ಪಾಚಿ ಸರಿಸಿದ.

ಹೊಂಡ ರಕ್ತದಂತೆ ಕೆಂಪಗಿತ್ತು.

ಒಂಬತ್ತು ಜನ ಕೆಲಸದವರು ನೀರನ್ನು ನೋಡಿದರು, ಸಾಹೇಬರು ಒಲೆಯ ಕಡೆ ನೋಡಿದರು. ನನ್ನ ಭಾವಮೈದುನ ಬಗ್ಗಿ ನೋಡುತ್ತಲೇ ಇದ್ದ. ಜೊಂಡಿನ ಕಡೆಯ ಅಂಚಿನಲ್ಲಿ ಒಂದು ವೀಳ್ಯದೆಲೆ ತೇಲುತ್ತಿತ್ತು, ಅದರ ಮೇಲೆ ಒಂದು ದಾಸವಾಳ. ಅವನ ಕಣ್ಣು ಅದರ ಮೇಲೆ ನಿಂತಿತು. ಆಮೇಲೆ ನಿಧಾನವಾಗಿ ಕೈನೀಡಿ ಎಲೆಯನ್ನೂ ಹೂವನ್ನೂ ಎತ್ತಿ, ಅಂಗೈಯಲ್ಲಿ ಮುಚ್ಚಿ, ಜೇಬಿಗೆ ಹಾಕಿಕೊಂಡು ಎದ್ದುನಿಂತ.

"ನನ್ನದೇ ತಪ್ಪು ಮೇಡಂ" ಎಂದ. "ನಿನ್ನೆ ಸಂಜೆ ನೀರು ಬಿಡೋದ್ರಲ್ಲಿ ಲೆಕ್ಕ ತಪ್ತು. ಸಾಹೇಬರದ್ದೇನೂ ಇಲ್ಲ ಇದರಲ್ಲಿ."

ಎರಡು ತಿಂಗಳು ಕೆರೆಕೆರೆ ಇಳಿದು, ಬಸ್ಸಿನಲ್ಲಿ ನಗೆಪಾಟಲಾಗಿ, ಬೆಳೆಸಿದ್ದನ್ನೆಲ್ಲ ಅವನು ಒಂದೇ ವಾಕ್ಯದಲ್ಲಿ ನೀರಿಗೆ ಬಿಟ್ಟ. ಯಾವುದಕ್ಕಾಗಿ? ಅವನ ಭಾವ ಒಂಬತ್ತು ಜನರೆದುರು ಅವಮಾನ ಪಡಬಾರದೆಂದು. ಅವನ ಅಂಗಿಯ ಜೇಬಿನ ಮೇಲೆ ಕೆಂಪು ನಿಧಾನವಾಗಿ ಹರಡುತ್ತಿತ್ತು. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ತಾಯಿ, ಅದು ಕಾರ್ಖಾನೆಯ ಬಣ್ಣವಲ್ಲ" ಎಂದೆ. "ನನ್ನ ಕುಂಕುಮ. ಗಂಗಾಪೂಜೆ ಮಾಡಿದೆ. ಎಲೆ ಅವನ ಜೇಬಿನಲ್ಲಿದೆ, ತೆಗೆಸಿ ನೋಡಿ." ಹೊರಟ ಬಾಯಿ ಅಲ್ಲಿಗೇ ನಿಲ್ಲಲಿಲ್ಲ. "ನಿಮಗೆ ಬಂದ ಮೂಕರ್ಜಿಯೂ ನನ್ನದೇ."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅದನ್ನ ಬರೆದೋರು ನೀವೇನಾ ಸಾರ್? 'ಜಲದೇವತೆಯು ಆರಕ್ತವರ್ಣಳಾಗಿ ಪ್ರತ್ಯಕ್ಷಳಾದಳು' ಅಂತ ಇತ್ತು. ನಮ್ಮ ಆಫೀಸಲ್ಲಿ ಮೂರು ಜನ ಓದಿ, ಯಾವುದೋ ದೇವಸ್ಥಾನದ ಆಹ್ವಾನ ಪತ್ರಿಕೆ ಅಂತ ಪಕ್ಕಕ್ಕಿಟ್ಟಿದ್ವಿ. ಆಮೇಲೆ ಒಬ್ರು ಕೊನೇ ಸಾಲು ನೋಡಿದ್ರು."

ನಾನು ಸಾಹೇಬರ ಕಡೆ ತಿರುಗಿದೆ. ಕ್ಷಮೆ ಕೇಳಲು ಕೈಜೋಡಿಸಿದೆ.

"ನಂಗೆ ಅವತ್ತೇ ಗೊತ್ತಾಯ್ತು ಮೇಷ್ಟ್ರೇ" ಎಂದರು ಅವರು. "ನೋಟೀಸ್ ಜೊತೆ ಅದರ ನಕಲು ಬಂದಿತ್ತು. ಈ ಊರಲ್ಲಿ ದೂರು ಕೊಡೋ ಮುಂಚೆ ಶ್ರೀಕಾರ ಹಾಕಿ, ಕೊನೇಲಿ 'ಸರ್ವರಿಗೂ ಮಂಗಳವಾಗಲಿ' ಅಂತ ಬರೆಯೋರು ಇನ್ಯಾರಿದಾರೆ?"

ಎಡಗೈಯಲ್ಲಿ ಬರೆದರೆ ಅಕ್ಷರ ಬದಲಾಗುತ್ತದೆ, ಅಭ್ಯಾಸ ಬದಲಾಗುವುದಿಲ್ಲ. ಇದನ್ನು ಯಾವ ತರ್ಕಗ್ರಂಥವೂ ನನಗೆ ಹೇಳಿರಲಿಲ್ಲ.

ಸಾಹೇಬರು ಬಗ್ಗಿ, ಹೊಂಡದ ಅಂಚಿನಲ್ಲಿ ಮೆತ್ತಿದ್ದ ಕುಂಕುಮವನ್ನು ಬೆರಳಿನಲ್ಲಿ ತೀಡಿ, ಮೂಸಿ ನೋಡಿದರು. "ಇದು ಅರಿಶಿನ ಸುಣ್ಣದ ಕುಂಕುಮ ಅಲ್ಲ ಮೇಷ್ಟ್ರೇ. ನಿಜವಾದ್ದಾದ್ರೆ ಹಿಂಗೆ ನೀರು ಹಿಡಿಯಲ್ಲ. ಪ್ಯಾಕೆಟ್ದು. ನಮ್ಮ ಡಬ್ಬಿ ಬಣ್ಣಾನೇ ಇದು." ಇಷ್ಟು ತಿಂಗಳು ನಾನು ಯಾವ ಬಣ್ಣವನ್ನು ಶಪಿಸಿದ್ದೆನೋ, ಅದನ್ನೇ ಬೆಳಿಗ್ಗೆ ಎದ್ದು ಹಣೆಗಿಟ್ಟುಕೊಂಡು, ದೇವರಿಗೂ ಏರಿಸಿ, ಬಚ್ಚಲಿಗೆ ಬಿಡುತ್ತಿದ್ದೆ. ಗೋಡೆಯ ಈಚೆಗೂ ಒಂದು ಸಣ್ಣ ಬಣ್ಣದ ಕಾರ್ಖಾನೆಯಿತ್ತು. ಅದಕ್ಕೆ ನಾನೇ ಮಾಲೀಕ.

ಅಧಿಕಾರಿ ಬಾಟಲಿಗೆ ನೀರು ತುಂಬಿಸಿ ಮುಚ್ಚಳ ಹಾಕಿದರು. ಅದನ್ನು ಪೆಟ್ಟಿಗೆಯಲ್ಲಿಟ್ಟು ಹೇಳಿದರು: "ಹದಿನೈದು ದಿನ ಬಿಟ್ಟು ಬರ್ತೀನಿ. ಕಾರ್ಖಾನೆ ಬಣ್ಣ ಇಳಿಸಿದ ಗಿಡ ನಿಮ್ಮ ಕುಂಕುಮಾನೂ ಇಳಿಸ್ಲಿ, ಆಗ ನಂಬ್ತೀನಿ. ಅಲ್ಲೀವರೆಗೂ ಬೀಗ ಇಲ್ಲ. ಪೂಜೇನೂ ಇಲ್ಲ."

ಆ ಹದಿನೈದು ದಿನ ನಾನು ಎರಡು ಹೊತ್ತೂ ಹೊಂಡಕ್ಕೆ ಹೋದೆ. ಪಂಚೆಯನ್ನು ನಾನೇ ಕತ್ತರಿಸಿದೆ. ಹಳೆಯದು ಮುಗಿದಿತ್ತು, ಹೊಸದನ್ನೇ ಕತ್ತರಿಸಿದೆ. ಎಳ್ಳುಪಾಚಿಯನ್ನು ಹೊರೆಹೊರೆಯಾಗಿ ಬದಲಿಸಿದೆವು. ಒಮ್ಮೆ ಲಿಂಗದಹಳ್ಳಿಯ ಕಡೆಯ ಒಂದು ಹಳ್ಳಕ್ಕೆ ಜೊಂಡಿಗಾಗಿ ಹೋದಾಗ ರಬ್ಬರ್ ಬೂಟು ಹಾಕಿಕೊಂಡು ಇಳಿದವನು ನಾನು. ಹಿಂತಿರುಗುವಾಗ ಸೋರುವ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಿದ್ದೆ. ಕಂಡಕ್ಟರ್ ಅವನೇ. "ಓಹೋ, ಇವತ್ತು ಗಂಗಮ್ಮನ್ನ ದೊಡ್ಡೋರೇ ಕರ್ಕಂಬಂದವ್ರೆ" ಎಂದ.

ಹದಿನೈದನೆಯ ದಿನ ಅಧಿಕಾರಿ ಬಂದು, ತಮ್ಮ ಬಾಟಲಿ ತುಂಬಿಕೊಂಡ ಮೇಲೆ, ಪಂಚೆಯ ಒಂದು ತುಂಡನ್ನು ಕೇಳಿ ಪಡೆದು ಅದ್ದಿ, ಹಿಂಡಿ, ಬೆಳಕಿಗೆ ಹಿಡಿದರು. ಬಿಳಿ. ವಾರದ ನಂತರ ಕಾಗದ ಬಂತು. ಉಪ್ಪಿನ ವಿಚಾರಕ್ಕೆ ಇನ್ನೂ ದಾರಿ ಮಾಡಬೇಕು, ತಿಂಗಳಿಗೊಮ್ಮೆ ನೀರು ತೋರಿಸಬೇಕು. ಒಲೆ ಉರಿಯಬಹುದು.

ಮರುದಿನ ಭಾವಮೈದುನ ಗೋಣಿಚೀಲ ಮಡಿಸಿಕೊಂಡು ಕಡೂರಿಗೆ ಹೊರಟ. ಬಸ್ ನಿಲ್ದಾಣದವರೆಗೆ ನಾನೂ ಹೋದೆ. ಕೇಳದೆ ಇರಲಾಗಲಿಲ್ಲ.

"ಸಾಹೇಬರಿಗೆ ನೀನು ಇಷ್ಟು ಹತ್ತಿರದವನೆಂದು ತಿಳಿದಿರಲಿಲ್ಲ. ಸುದ್ದಿ ಬಂದ ಮೂರೇ ದಿನಕ್ಕೆ ಓಡಿಬಂದೆಯಲ್ಲ."

"ಸಾಹೇಬರು ಯಾರೋ ಏನೋ, ನಂಗೇನು ಗೊತ್ತಿತ್ತು ಭಾವ?" ಎಂದ ಅವನು, ಬಸ್ಸು ಬರುವ ದಾರಿ ನೋಡುತ್ತ. "ಅಕ್ಕ ಫೋನ್ ಮಾಡಿದ್ಲು. 'ಬಾವಿ ನೀರು ಕೆಟ್ಟಾಗಿಂದ ಇವ್ರು ರಾತ್ರಿ ಊಟ ಬಿಟ್ಟಿದಾರೆ ಕಣೋ. ಅಜೀರ್ಣ ಅಂತ ಸುಳ್ಳು ಹೇಳ್ತಾರೆ. ಈಗ ಆ ಕಡೆ ಒಲೆ ಆರತ್ತೆ ಅಂತ ಬೇರೆ ಕೊರಗ್ತಿದಾರೆ, ಅರ್ಜಿ ಬರೆದೋರು ಇವ್ರೇ. ಒಬ್ರೇ ಕೂತ್ಕೊಂಡು ನಲ್ಲಿ ನೀರಿನ ಮುಂದೆ ಕಣ್ಣು ಒರೆಸ್ಕೋತಾರೆ. ನೀನು ಜಾಡಿ ತೊಳೆದೋನಲ್ವಾ, ಈ ನೀರು ತೊಳೆಯೋಕಾಗತ್ತಾ ನೋಡು' ಅಂದ್ಲು. ಬಂದೆ."

ಬಸ್ಸು ಬಂತು. ಅವನು ಹತ್ತಿದ. ಅಂಗಿಯ ಜೇಬಿನ ಮೇಲೆ ಎಲೆಯಾಕಾರದ ಕೆಂಪು ಕಲೆ ಇನ್ನೂ ಇತ್ತು. ಎಷ್ಟು ತೊಳೆದರೂ ಹೋಗಲಿಲ್ಲವಂತೆ.

ಅಂದು ರಾತ್ರಿ ನನ್ನಾಕೆ ಕೇಳದೆಯೇ ಎರಡು ಎಲೆ ಹಾಕಿದಳು. ನಾನು ಕುಳಿತು ಉಂಡೆ.

ನಮ್ಮ ಬಾವಿ ಪೂರ್ತಿ ತಿಳಿಯಾಗಲು ಇನ್ನೂ ಒಂದೆರಡು ಮಳೆಗಾಲ ಬೇಕಂತೆ. ಕಾಯುತ್ತೇನೆ. ಈಗ ಕುಂಕುಮವನ್ನು ಮನೆಯಲ್ಲೇ ಅರಿಶಿನ ಸುಣ್ಣದಿಂದ ಮಾಡುತ್ತೇವೆ, ಅದೂ ಚಿಟಿಕೆಯಷ್ಟೇ. ಕಳೆದ ವಾರ ಮಾಸಿದ ಮಗುಟವನ್ನು ಮಡಿಸಿ, ಗೇಟಿನಿಂದ ಹೋಗಿ, ಸಾಹೇಬರ ಕೈಗೆ ಕೊಟ್ಟು ಬಂದಿದ್ದೇನೆ. ಅದರ ಬಣ್ಣದ ನೀರು ಈಗ ಮೂರು ಹೊಂಡ ದಾಟುತ್ತಿದೆ.

ಜೇಡಿಮಣ್ಣು ತುಳಿದ ಒಂಬತ್ತು ಜನರ ಮನೆಗಳಲ್ಲಿ ಒಲೆ ಆರದಿರಲಿ. ಅರ್ಜಿ ಬರೆದವನ ಹೆಸರನ್ನು ಬಲ್ಲವರಾಗಿಯೂ ಬಾಯಿಬಿಡದ ಸಾಹೇಬರ ಕೈಯ ಬಣ್ಣ ಮಾಸದಿರಲಿ. ನಂಬುವ ಮೊದಲು ಅದ್ದಿ ನೋಡಿದ ಆ ಮಗಳು ದೀರ್ಘಾಯುಷ್ಯವಂತಳಾಗಲಿ. ಕಳ್ಳನನ್ನು ನಾಳೆಯೂ ಬಾ ಎಂದ ತಾಯಿಯ ಎಮ್ಮೆಗಳು ಹೆಚ್ಚು ಹಾಲು ಕೊಡಲಿ. ಗಂಗೆಗೆ ಆಧಾರ್ ಕೇಳಿದ ಕಂಡಕ್ಟರಿನ ಬಸ್ಸು ದಾರಿಯಲ್ಲಿ ಕೆಡದಿರಲಿ. ಹೆಸರಿಲ್ಲದೆ, ಕೀರ್ತಿಯಿಲ್ಲದೆ, ನಮ್ಮ ಕೊಳೆಯನ್ನು ಬೇರಿನಲ್ಲಿ ಹಿಡಿದು ಒಣಗಿದ ಜೊಂಡಿಗೂ ಅಂತರಗಂಗೆಗೂ ಸದ್ಗತಿಯಾಗಲಿ. ಫೋನು ಮಾಡಿದವಳು ನನಗಿಂತ ಮೊದಲು ಹೋಗದಿರಲಿ. ಕೆರೆಗಳ್ಳನ ಜೇಬಿನ ಕಲೆ ಮಾತ್ರ, ದೇವರೇ, ಹಾಗೆಯೇ ಇರಲಿ.